ಸ್ವೆಟರಿನ ಕೆಳಗಿದ್ದ ವಾರಪತ್ರಿಕೆ

ಹೋದ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ. ಊಟ ಮುಗಿದಿತ್ತು. ಪಾತ್ರೆ ತೊಳೆದು ಬೋರಲು ಹಾಕಿದ್ದೆ. ನಾಲ್ಕು ವರ್ಷದ ಮಗ ಅಪರೂಪಕ್ಕೆ ಹಗಲು ನಿದ್ದೆ ಹೋಗಿದ್ದ. ರೂಮಿನ ಕಿಟಕಿ ಹತ್ತಿರ ಕೂತು, ಎರಡು ವಾರದಿಂದ ಕಾಯಿಸಿದ್ದ ಒಂದು ಕಾದಂಬರಿ ತೆಗೆದೆ. ಹತ್ತು ಪುಟ ಓದಿರಬೇಕು, ಹಾಲ್‌ನಲ್ಲಿ ಫೋನ್ ಬಂತು. ಒಂಬತ್ತು ವರ್ಷದ ಮಗಳು ಎತ್ತಿದಳು. ಆ ಕಡೆ ನಮ್ಮತ್ತೆ. ಅಮ್ಮ ಏನು ಮಾಡ್ತಿದಾಳೆ ಅಂತ ಅವರು ಕೇಳಿರಬೇಕು. ಮಗಳು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಏನೂ ಮಾಡ್ತಿಲ್ಲ ಅಜ್ಜಿ, ಸುಮ್ನೆ ಓದ್ತಿದಾಳೆ. ಕೊಡ್ಲಾ?"

ಅವಳು ದೂರು ಹೇಳಿದ್ದಲ್ಲ. ಅಮ್ಮ ಖಾಲಿ ಇದಾಳೆ, ಮಾತಾಡಬಹುದು ಅಂತ ಅಜ್ಜಿಗೆ ತಿಳಿಸುತ್ತಿದ್ದಳು. ನಾನು ಪುಸ್ತಕ ಮಗುಚಿಟ್ಟು ಹೋಗಿ ಮಾತಾಡಿದೆ. ವಾಪಸ್ ಬರುವಷ್ಟರಲ್ಲಿ ಮಗ ಎದ್ದು ಕೂತಿದ್ದ.

ಆ ವಾರವೇ ಬುಧವಾರ ಸಂಜೆ ಮತ್ತೆ ಅತ್ತೆಯ ಫೋನ್. ನಾನು ಸೋಫಾದ ತುದಿಯಲ್ಲಿ ಕೂತು ಮಗನ ಸ್ವೆಟರಿನ ಬೆನ್ನಿನ ಭಾಗ ಹೆಣೆಯುತ್ತಿದ್ದೆ. ಮಗಳು ನನ್ನ ಮುಖವನ್ನೂ ನೋಡಲಿಲ್ಲ, ಕೈ ನೋಡಿದಳು. "ಅಮ್ಮ ನಿಟ್ಟಿಂಗ್ ಮಾಡ್ತಿದಾಳೆ ಅಜ್ಜಿ, ಬ್ಯುಸಿ ಇದಾಳೆ. ಆಮೇಲೆ ಮಾಡ್ತಾಳೆ" ಅಂದಳು.

ಎರಡೂ ದಿನ ನಾನು ಕೂತೇ ಇದ್ದೆ. ಎರಡೂ ದಿನ ನನಗೆ ಇಷ್ಟವಾದದ್ದನ್ನೇ ಮಾಡುತ್ತಿದ್ದೆ. ಅದರಲ್ಲಿ ಒಂದು ಕೆಲಸ, ಇನ್ನೊಂದು ಕೆಲಸವಲ್ಲ ಅಂತ ಆ ಹುಡುಗಿಗೆ ಹೇಳಿಕೊಟ್ಟವರು ಯಾರು? ತಿಂಗಳುಗಟ್ಟಲೆ ಇದು ನನ್ನ ತಲೆಯಲ್ಲಿ ಕೊರೆಯಿತು. ಯೋಚಿಸಿದಷ್ಟೂ ಉತ್ತರ ನನ್ನ ಹತ್ತಿರಕ್ಕೇ ಬಂತು. ಅವಳು ಹುಟ್ಟಿದಾಗಿನಿಂದ ನಾನು ಹೆಣೆದಿದ್ದು ಹಾಲ್‌ನಲ್ಲಿ, ಎಲ್ಲರ ಎದುರಿಗೆ. ಓದಿದ್ದು ಬಾಗಿಲು ಮುಂದಕ್ಕೆ ಹಾಕಿಕೊಂಡು, ಇಲ್ಲವೇ ಎಲ್ಲರೂ ಮಲಗಿದ ಮೇಲೆ.

ಎಲ್ಲಿ ಬೇಕಾದರೂ ನಿಲ್ಲಿಸಬಹುದು

ಹಾಸನದಲ್ಲಿ ಚಳಿ ಇದೆ. ಬಡವರ ಊಟಿ ಅಂತಾರಲ್ಲ, ಡಿಸೆಂಬರಿನಲ್ಲಿ ಬೆಳಗ್ಗೆ ಏಳೂವರೆಗೆ ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ದಸರಾ ರಜೆ ಮುಗಿಯುತ್ತಿದ್ದ ಹಾಗೆ ಕಟ್ಟಿನಕೆರೆ ಮಾರ್ಕೆಟ್ ಕಡೆಗೆ ಹೋಗಿ ಫ್ಯಾನ್ಸಿ ಸ್ಟೋರಿನಿಂದ ಉಲ್ಲನ್ ತರುತ್ತೇನೆ. ಉಲ್ಲನ್ ಅಂತ ಕರೆಯುತ್ತೇವೆ, ಅದರಲ್ಲಿ ಹೆಚ್ಚಿನದು ಅಕ್ರಿಲಿಕ್. ನಿಜವಾದ ಉಣ್ಣೆ ಅಂದರೆ ನಮ್ಮ ಕಡೆ ಕುರುಬರು ನೇಯುವ ಕಂಬಳಿ. ಅದರ ಬಿಸಿಯೇ ಬೇರೆ. ಆದರೆ ಮಕ್ಕಳ ಕತ್ತಿಗೆ ಅಕ್ರಿಲಿಕ್ ಚುಚ್ಚುವುದಿಲ್ಲ, ವಾರಕ್ಕೆರಡು ಸಲ ಒಗೆದರೂ ತಡೆಯುತ್ತದೆ.

ಮಗನ ಅಳತೆಗೆ 84 ಕುಣಿಕೆ ಹಾಕಿಕೊಳ್ಳುತ್ತೇನೆ. ಬಾರ್ಡರಿಗೆ 12ನೇ ನಂಬರ್ ಕಡ್ಡಿ, ಎರಡು ಸೀದಾ ಎರಡು ಉಲ್ಟಾ. ಬಾರ್ಡರ್ ಮುಗಿದ ಮೇಲೆ 10ನೇ ನಂಬರ್. ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ತೆಳು, ಹೊಸದಾಗಿ ಕಲಿಯುವವರು ಇಲ್ಲೇ ಗಲಿಬಿಲಿ ಆಗುತ್ತಾರೆ. 10 ಅಂದರೆ 3.25 ಮಿಲಿಮೀಟರ್, 12 ಅಂದರೆ 2.75. ನನ್ನ ಹತ್ತಿರ ಇರುವುದು ಅಮ್ಮ ಕೊಟ್ಟ ಹಳೇ ಪೋನಿ ಕಡ್ಡಿಗಳು, ನೀಲಗಿರಿ ಬೆಟ್ಟದಲ್ಲಿ ತಯಾರಾದವು. ಬೂದು ಬಣ್ಣ ತುದಿಯಲ್ಲಿ ಸವೆದು ಒಳಗಿನ ಲೋಹ ಹೊಳೆಯುತ್ತದೆ. ಸವೆದಿರುವುದರಿಂದಲೇ ದಾರ ಬೆಣ್ಣೆ ಹಾಗೆ ಜಾರುತ್ತದೆ.

84 ಕುಣಿಕೆಯ ಒಂದು ಸಾಲಿಗೆ ನನಗೆ ನಾಲ್ಕು ನಿಮಿಷ ಬೇಕು. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಎರಡು ಸಾಲು ಆಗುತ್ತದೆ. ಮಗಳು ಹದಿಮೂರರ ಮಗ್ಗಿ ಒಪ್ಪಿಸುವಾಗ ಅರ್ಧ ಸಾಲು, ತಪ್ಪಿದರೆ ಒಂದು ಸಾಲು. ಮುಂಭಾಗ ಒಂದಕ್ಕೇ ಸುಮಾರು ಹತ್ತು ಸಾವಿರ ಕುಣಿಕೆ ಬೇಕು. ಅಷ್ಟನ್ನೂ ಹೀಗೆ ಚೂರುಪಾರು ಹೊತ್ತಿನಲ್ಲೇ ಹೆಣೆದದ್ದು. ಒಂದು ಗಂಟೆ ಒಟ್ಟಿಗೆ ಕೂತು ಹೆಣೆದದ್ದು ನನಗೆ ನೆನಪಿಲ್ಲ. ಆದರೂ ಸ್ವೆಟರ್ ಮುಗಿಯುತ್ತದೆ. ಯಾಕೆಂದರೆ ಹೆಣಿಗೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಗ ಬಚ್ಚಲಿಂದ "ಅಮ್ಮಾ, ಆಯ್ತು" ಅಂತ ಕೂಗಿದರೆ ಸಾಲಿನ ನಡುವೆಯೇ ಇಟ್ಟು ಏಳುತ್ತೇನೆ. ವಾಪಸ್ ಬಂದಾಗ ಒಂದು ಕಡ್ಡಿಯಲ್ಲಿ 31, ಇನ್ನೊಂದರಲ್ಲಿ 53. ದಾರ ಯಾವ ಕಡ್ಡಿಯಿಂದ ಜೋತಿದೆಯೋ ಅದು ಬಲಗೈಗೆ. ಸೀದಾ ಕುಣಿಕೆ ಎರಡು ಅಕ್ಕಿಕಾಳನ್ನು ಓರೆಯಾಗಿ ಜೋಡಿಸಿದ ಹಾಗೆ ಕಾಣುತ್ತದೆ. ಉಲ್ಟಾ ಕುಣಿಕೆ ಸಾಸಿವೆ ಕಾಳಿನ ಹಾಗೆ ಉಬ್ಬಿರುತ್ತದೆ. ನೋಡಿದ ತಕ್ಷಣ ಎಲ್ಲಿದ್ದೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ಪುಸ್ತಕ ಹಾಗಲ್ಲ ಅಲ್ವಾ? ಪುಟ ಮಡಚಿ ಏಳಬಹುದು. ಪುಟ ಸಿಗುತ್ತದೆ, ಆದರೆ ಆ ಜಾಗ ಸಿಗುವುದಿಲ್ಲ. ಕಥೆಯ ಊರಿಗೆ ಹೋಗಿ, ಅಲ್ಲಿಯ ಜನರ ದನಿ ಕಿವಿಗೆ ಬೀಳಲು ನನಗೆ ಕಾಲು ಗಂಟೆ ಬೇಕು. ಬಚ್ಚಲಿಗೆ ಹೋಗಿ ಬಂದ ಮೇಲೆ ಆ ಕಾಲು ಗಂಟೆಯನ್ನು ಮತ್ತೆ ಮೊದಲಿಂದ ಕೊಡಬೇಕು. ಸಂಜೆ ಆರರಿಂದ ಒಂಬತ್ತರವರೆಗೆ ಹೀಗೆ ನಾಲ್ಕು ಸಲ ಹೊರಟು ನಾಲ್ಕು ಸಲವೂ ಅರ್ಧ ದಾರಿಯಿಂದ ವಾಪಸಾದ ದಿನಗಳಿವೆ. ಅಂಥ ದಿನ ರಾತ್ರಿ ಮಕ್ಕಳ ಮೇಲೆ ಸಿಟ್ಟು ಬರುತ್ತಿತ್ತು. ಹೆಣೆಯುವಾಗ ಎಷ್ಟು ಸಲ ಎಬ್ಬಿಸಿದರೂ ಬರದ ಸಿಟ್ಟು ಅದು.

ಮಕ್ಕಳಿಗೂ ಈ ವ್ಯತ್ಯಾಸ ಗೊತ್ತು. ನಾನು ಹೆಣೆಯುವಾಗ ಮಗ ಕಾಲ ಬುಡದಲ್ಲಿ ಉಲ್ಲನ್ ಉಂಡೆ ಉರುಳಿಸುತ್ತಾ ಅವನ ಪಾಡಿಗೆ ಇರುತ್ತಾನೆ. ಪುಸ್ತಕ ಹಿಡಿದ ಐದೇ ನಿಮಿಷಕ್ಕೆ ಬಂದು ನನ್ನ ಗಲ್ಲ ಹಿಡಿಯುತ್ತಾನೆ. ಎರಡೂ ಕೈಯಲ್ಲಿ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸುತ್ತಾನೆ. ಏನು ಬೇಕಪ್ಪಾ ಅಂದರೆ ಏನೂ ಬೇಡ. ಅಮ್ಮ ಎಲ್ಲೋ ಹೋಗಿದ್ದಾಳೆ, ವಾಪಸ್ ಬರಬೇಕು, ಅಷ್ಟೇ. ಅವನು ಹೇಳುವುದು ಸರಿ. ನಾನು ನಿಜವಾಗಿ ಅಲ್ಲಿರುವುದಿಲ್ಲ.

ಮಳೆಗಾಲದ ಜಗಲಿ

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಆಗುಂಬೆ ಘಾಟಿ ಹತ್ತಿರ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುತ್ತಿರಲಿಲ್ಲ. ಗದ್ದೆಗೆ ಹೋಗುವವರು ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದರು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಒಲೆ ಮೇಲಿನ ಗಳುವಿನಲ್ಲಿ ಹೊಗೆ ವಾಸನೆ ಹಿಡಿಯುತ್ತಿತ್ತು. ಅಮ್ಮ ಮಧ್ಯಾಹ್ನ ಮೂರು ಗಂಟೆಗೆ ಜಗಲಿಯ ಮೂಲೆಯಲ್ಲಿ, ಬೆಳಕು ಬೀಳುವ ಕಡೆ, ಕಂಬಕ್ಕೆ ಒರಗಿ ಕೂತು ಹೆಣೆಯುತ್ತಿದ್ದಳು. ಒಳಗೆ ರೇಡಿಯೋ, ಭದ್ರಾವತಿ ಆಕಾಶವಾಣಿ. ಹೊರಗೆ ಹಂಚಿನಿಂದ ನೀರು ಧಾರೆ ಧಾರೆ.

ನನಗೆ ಆಗ ಏಳು ವರ್ಷ ಇರಬಹುದು. ಅಮ್ಮನ ಪಕ್ಕ ಕೂತು ಅವಳ ಕೈ ನೋಡುತ್ತಿದ್ದೆ. ಕೈ ಓಡುತ್ತಿತ್ತು, ಕಣ್ಣು ಮಾತ್ರ ಕಡ್ಡಿಯ ಮೇಲೆ ಇರುತ್ತಿರಲಿಲ್ಲ. ತೊಡೆಯ ಮೇಲೆ ವಾರಪತ್ರಿಕೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಹೆಣೆದ ಭಾಗ ಅದರ ಮೇಲೆ ಜೋತಾಡುತ್ತಿತ್ತು. ಸ್ವೆಟರ್ ಚಿಕ್ಕದಿದ್ದಾಗ ಪುಟ ಪೂರ್ತಿ ಕಾಣುತ್ತಿತ್ತು. ದೊಡ್ಡದಾಗುತ್ತಾ ಬಂದ ಹಾಗೆ ಅದನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿಕೊಂಡು ಓದುತ್ತಿದ್ದಳು. ಸಾದಾ ಸಾಲುಗಳಲ್ಲಿ ಮಾತ್ರ. ಡಿಸೈನ್ ಬಂದರೆ, ಕಂಕುಳ ಬಳಿ ಕುಣಿಕೆ ಕಮ್ಮಿ ಮಾಡಬೇಕಾದರೆ, ಪತ್ರಿಕೆ ಮಡಚಿಡುತ್ತಿದ್ದಳು. ಪುಟ ತಿರುಗಿಸಲು ಬಲಗೈಯ ಕಿರುಬೆರಳಿಗೆ ನಾಲಿಗೆ ತಾಗಿಸುತ್ತಿದ್ದ ಅವಳ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಳಿದ ಬೆರಳುಗಳಿಗೆ ದಾರ ಸುತ್ತಿರುತ್ತಿತ್ತು.

ಅಜ್ಜಿ ಒಳಗಿಂದ ಕರೆಯುತ್ತಿದ್ದರು. "ಏನು ಮಾಡ್ತಿದೀಯೇ?" ಗದರಿಕೆ ಏನಲ್ಲ, ಸುಮ್ಮನೆ ಒಂದು ಪ್ರಶ್ನೆ. ಅಮ್ಮ ಮೊಣಕೈ ಸಡಿಲ ಬಿಡುತ್ತಿದ್ದಳು. ಸ್ವೆಟರ್ ಜಾರಿ ಪುಟದ ಮೇಲೆ ಮುಚ್ಚಿಕೊಳ್ಳುತ್ತಿತ್ತು. "ಇವಳ ಸ್ವೆಟರ್ ಅತ್ತೆ, ಶಾಲೆ ಶುರುವಾಯ್ತಲ್ಲ" ಅನ್ನುತ್ತಿದ್ದಳು. ಮಾತು ಸುಳ್ಳಲ್ಲ. ಬಾಟಲ್ ಗ್ರೀನ್ ಬಣ್ಣದ ಆ ಸ್ವೆಟರನ್ನು ನಾನು ಎರಡು ವರ್ಷ ಹಾಕಿಕೊಂಡಿದ್ದೇನೆ. ಆದರೆ ಆ ಜಾರುವಿಕೆಯನ್ನು ನಾನು ನೋಡಿದ್ದೆ. ಅದು ಯಾಕೆ ಅಂತ ಕೇಳಬಾರದು ಅನ್ನುವುದೂ ಹೇಗೋ ಗೊತ್ತಾಗಿತ್ತು.

ಅಜ್ಜಿ ಕೆಟ್ಟವರಾಗಿರಲಿಲ್ಲ, ಇದನ್ನು ಹೇಳಲೇಬೇಕು. ಅಮ್ಮನಿಗೆ ಜ್ವರ ಬಂದರೆ ಅಡುಗೆಮನೆಗೆ ಕಾಲಿಡಲು ಬಿಡುತ್ತಿರಲಿಲ್ಲ. ಆದರೆ ಅವರ ಲೆಕ್ಕದಲ್ಲಿ ಹೆಂಗಸು ಕೂರಬಹುದಾದದ್ದು ಕೈಯಲ್ಲಿ ಏನಾದರೂ ಇದ್ದರೆ. ಹೂ ಕಟ್ಟಬಹುದು, ಬತ್ತಿ ಹೊಸೆಯಬಹುದು, ಅಡಿಕೆ ಸುಲಿಯಬಹುದು, ಅಕ್ಕಿ ಆರಿಸಬಹುದು. ಹೆಣಿಗೆ ಆ ಸಾಲಿಗೆ ಸುಲಭವಾಗಿ ಸೇರಿಕೊಂಡಿತು. ಪುಸ್ತಕ ಸೇರಲಿಲ್ಲ.

ಯಾರಿಗೆ ಅದು?

ಹೆಣಿಗೆ ನಮ್ಮ ಕಡೆಯದ್ದೇ ಕಸುಬಲ್ಲ. ಹುಡುಗಿಯರ ಶಾಲೆಗಳಲ್ಲಿ ಮಿಷನರಿ ಹೆಂಗಸರು ಓದು ಬರಹದ ಜೊತೆಗೇ ಹೊಲಿಗೆ, ಹೆಣಿಗೆ ಕಲಿಸಿದರು. ನಮ್ಮ ಕಾಲದ ಸರ್ಕಾರಿ ಶಾಲೆಯಲ್ಲೂ ಹುಡುಗರು ಮೈದಾನಕ್ಕೆ ಹೋದಾಗ ನಮಗೆ ಹೊಲಿಗೆ ಪಿರಿಯಡ್ ಇರುತ್ತಿತ್ತು. ಓದು, ಹೆಣಿಗೆ ಎರಡೂ ಒಂದೇ ಬಾಗಿಲಿಂದ ಬಂದವು. ಮನೆಯೊಳಗೆ ಬಂದ ಮೇಲೆ ಒಂದಕ್ಕೆ ಜಗಲಿಯಲ್ಲಿ ಜಾಗ ಸಿಕ್ಕಿತು, ಇನ್ನೊಂದಕ್ಕೆ ಸ್ವೆಟರಿನ ಕೆಳಗೆ.

ಕಾರಣ ದೊಡ್ಡದೇನಲ್ಲ. ಸ್ವೆಟರ್ ಯಾರಿಗೋ ಇರುತ್ತದೆ. ಅಮ್ಮನಿಗೆ ಹೆಣಿಗೆ ಕಲಿಸಿದ್ದು ಅವಳ ಅಮ್ಮ. ಅಮ್ಮಮ್ಮ 1962ರ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದರೋ! ಚೀನಾ ಯುದ್ಧದ ಆ ಚಳಿಗಾಲದಲ್ಲಿ ಹಿಮಾಲಯದ ಮೇಲಿರುವ ಜವಾನರಿಗೆ ಬೆಚ್ಚನೆ ಬಟ್ಟೆ ಇಲ್ಲ ಅಂತ ದೇಶದ ಎಲ್ಲ ಕಡೆ ಹೆಂಗಸರು ಸ್ವೆಟರ್ ಹೆಣೆದು ಕಳಿಸಿದರು. ಶಿವಮೊಗ್ಗದಲ್ಲಿ ಅಮ್ಮಮ್ಮನ ಬೀದಿಯವರೂ ಹೆಣೆದರು. ಆ ದಿನಗಳಲ್ಲಿ ಅಡುಗೆ ತಡವಾದರೂ ಯಾರೂ ಏನೂ ಅನ್ನಲಿಲ್ಲವಂತೆ. ಮಾವನವರೇ ಲಾಟೀನಿಗೆ ಸೀಮೆಎಣ್ಣೆ ತುಂಬಿಸಿ ಪಕ್ಕಕ್ಕೆ ತಂದಿಟ್ಟರಂತೆ. ಅಮ್ಮಮ್ಮ ಇದನ್ನು ಹೇಳುವಾಗ ಅವರ ಮುಖ ಬೆಳಗುತ್ತಿತ್ತು. ಎಲ್ಲೋ ಒಬ್ಬ ಹುಡುಗ ತಾನು ಹೆಣೆದದ್ದನ್ನು ಹಾಕಿಕೊಂಡಿದ್ದಾನೆ ಅನ್ನುವ ಸಂತೋಷ ಅದು. ನನಗೂ ಆ ಸಂತೋಷ ಗೊತ್ತು. ಮಗನ ತಲೆ ಕತ್ತಿನ ಪಟ್ಟಿಯೊಳಗಿಂದ ತೂರಿ ಹೊರಗೆ ಬಂದು, ಕೂದಲು ಕೆದರಿ, ಅವನು ನಗುವ ಆ ಕ್ಷಣಕ್ಕಾಗಿ ಇನ್ನೂ ಹತ್ತು ಸಾವಿರ ಕುಣಿಕೆ ಹೆಣೆಯಬಲ್ಲೆ.

ಓದಿದ್ದನ್ನು ಯಾರಿಗೆ ತೊಡಿಸುವುದು? ನಾನು ರಾತ್ರಿ ಹನ್ನೊಂದರಿಂದ ಹನ್ನೆರಡರವರೆಗೆ ಓದಿದರೆ ಬೆಳಗ್ಗೆ ಯಾರ ಮೈಮೇಲೂ ಏನೂ ಕಾಣುವುದಿಲ್ಲ. ನನ್ನ ಕಣ್ಣಿನ ಕೆಳಗೆ ಮಾತ್ರ ಕಾಣುತ್ತದೆ. ಅದಕ್ಕೇ ಓದುವಾಗ ಯಾರಾದರೂ ಬಂದರೆ ನಾನು ಎದ್ದು ನಿಲ್ಲುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಓದಬೇಡ ಅಂದವರಲ್ಲ. ಗಂಡ ಹುಟ್ಟುಹಬ್ಬಕ್ಕೆ ಪುಸ್ತಕವನ್ನೇ ಕೊಡುವುದು. ಆದರೂ ಎದ್ದು ನಿಲ್ಲುತ್ತೇನೆ. ಅಮ್ಮನ ಮೊಣಕೈ ನನ್ನ ಕಾಲಿಗೆ ಬಂದಿದೆ.

ಕಿವಿಯಲ್ಲಿ ಓದಬಹುದಲ್ಲ ಅಂತ ಗೆಳತಿಯರು ಹೇಳಿದರು. ಕನ್ನಡದಲ್ಲೂ ಈಗ ಆಡಿಯೋ ಪುಸ್ತಕಗಳು ಬೇಕಾದಷ್ಟು ಇವೆ. ಹೆಣೆಯುತ್ತಾ ಕೇಳಿದೆ. ಚೆನ್ನಾಗಿಯೇ ಇತ್ತು, ಅಮ್ಮನ ಭದ್ರಾವತಿ ರೇಡಿಯೋ ನಾಟಕಗಳ ನೆನಪಾಯಿತು. ಆದರೆ ಒಂದು ಸಾಲನ್ನು ಮೂರು ಸಲ ಓದಿ, ಪುಸ್ತಕ ಎದೆಗಿಟ್ಟುಕೊಂಡು ಕಿಟಕಿ ಆಚೆ ನೋಡುವುದಿದೆಯಲ್ಲ, ಅದು ಅದರಲ್ಲಿ ಸಿಗಲಿಲ್ಲ. ಇದು ನನ್ನ ಅಭಿರುಚಿ ಇರಬಹುದು. ನನಗೆ ಓದು ಅಂದರೆ ಮುಖ್ಯವಾಗಿ ಆ ನಿಲ್ಲುವಿಕೆ.

ಕಡ್ಡಿ ಎಳೆದ ದಿನ

ಜನವರಿಯಲ್ಲಿ ಒಂದು ಸಂಜೆ ಅಮ್ಮನ ಹಾಗೇ ಮಾಡಿ ನೋಡಿದೆ. ಸೋಫಾ ಮೇಲೆ ಕೂತು ತೊಡೆಯ ಮೇಲೆ ಕಾದಂಬರಿ ಬಿಚ್ಚಿಟ್ಟು, ಹಾಳೆ ಮಗುಚದ ಹಾಗೆ ಬಟ್ಟೆಯ ಕ್ಲಿಪ್ ಹಾಕಿ, ಸಾದಾ ಸಾಲು ಹೆಣೆಯತೊಡಗಿದೆ. ಅರ್ಧ ಪುಟ ಓದಿದ್ದೆನೋ ಇಲ್ಲವೋ, ಮಗ ಬಂದ. ಗಲ್ಲ ಹಿಡಿಯಲು ದಾರಿ ಇರಲಿಲ್ಲ, ನಡುವೆ ಸ್ವೆಟರ್ ಇತ್ತು. ಅವನು ಕೈಗೆ ಸಿಕ್ಕಿದ್ದನ್ನು ಎಳೆದ. ಎಡಗೈ ಕಡ್ಡಿ ಪೂರ್ತಿ ಹೊರಗೆ ಬಂತು.

ನಲವತ್ತು ಕುಣಿಕೆ ಬಾಯಿ ತೆರೆದುಕೊಂಡು ಹಾಗೇ ನಿಂತವು. ಹೆಣೆಯುವವರಿಗೆ ಆ ನೋಟ ಗೊತ್ತು. ಕಡ್ಡಿ ಹೋದ ತಕ್ಷಣ ಎಲ್ಲವೂ ಬಿಚ್ಚಿಕೊಳ್ಳುವುದಿಲ್ಲ. ಎಳೆದರೆ ಮಾತ್ರ ಒಂದೊಂದೇ ಕೆಳಗಿಳಿಯುತ್ತದೆ. ಮಗಳು ಓಡಿ ಬಂದಳು. "ಅಲ್ಲಾಡಬೇಡ ಅಮ್ಮ" ಅಂದಳು. ನಾನು ಅಲ್ಲಾಡಲಿಲ್ಲ. ಅವಳು ಕಡ್ಡಿ ತೆಗೆದುಕೊಂಡು, ಉಸಿರು ಹಿಡಿದು, ಒಂದೊಂದೇ ಕುಣಿಕೆಯನ್ನು ಏರಿಸಿದಳು. ಒಂದು ಮಾತ್ರ ಜಾರಿ ನಾಲ್ಕು ಸಾಲು ಕೆಳಗೆ ಹೋಗಿತ್ತು, ಏಣಿಯ ಮೆಟ್ಟಿಲ ಹಾಗೆ ದಾರ ಅಡ್ಡಡ್ಡ ಕಾಣುತ್ತಿತ್ತು. ಕ್ರೋಶಾ ಕಡ್ಡಿಯಿಂದ ಒಂದೊಂದು ಮೆಟ್ಟಿಲನ್ನೂ ಕುಣಿಕೆಯೊಳಗಿಂದ ಎಳೆದು ಮೇಲೆ ತರುವುದನ್ನು ತೋರಿಸಿದೆ. ಎರಡನೇ ಮೆಟ್ಟಿಲಿಂದ ಅವಳೇ ಮಾಡಿದಳು. ಮಗ ಅಳು ಬಂದ ಮುಖ ಮಾಡಿಕೊಂಡು ಉಂಡೆ ಹಿಡಿದು ನಿಂತಿದ್ದ.

ಎಲ್ಲ ಮುಗಿದ ಮೇಲೆ ಅವಳು ತೊಡೆಯ ಮೇಲಿದ್ದ ಪುಸ್ತಕ ನೋಡಿದಳು. "ನೀನು ನಿಟ್ಟಿಂಗ್ ಮಾಡ್ತಿದ್ಯೋ, ಓದ್ತಿದ್ಯೋ?" ಅಂತ ಕೇಳಿದಳು. ಬಾಯಿಗೆ ಬಂದದ್ದು "ನಿಟ್ಟಿಂಗ್" ಅಂತ. ತಡೆದು ನಿಲ್ಲಿಸಿದೆ. "ಓದ್ತಿದ್ದೆ" ಅಂದೆ.

ಅಂದಿನಿಂದ ಓದುವುದನ್ನು ಹಾಲ್‌ಗೆ ತಂದಿದ್ದೇನೆ. ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ. ಆಗ ನನ್ನ ಕೈಯಲ್ಲಿ ಕಡ್ಡಿ ಇರುವುದಿಲ್ಲ. ಕಷ್ಟವೇ. ಮೊದಲ ವಾರ ಎರಡು ಪುಟ ದಾಟಲಿಲ್ಲ. ಮಗ ಗಲ್ಲ ಹಿಡಿಯುವುದನ್ನು ಬಿಟ್ಟಿಲ್ಲ. ಆಗ ನಾನು ಓದುತ್ತಿರುವ ಸಾಲನ್ನೇ ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅರ್ಥ ಆಗುವುದಿಲ್ಲ, ಆದರೂ ಕೇಳುತ್ತಾನೆ. ಎರಡು ಮೂರು ಸಾಲಾದ ಮೇಲೆ ಇಳಿದು ಹೋಗುತ್ತಾನೆ. ಅಮ್ಮ ಎಲ್ಲಿಗೆ ಹೋಗಿದ್ದಾಳೆ ಅಂತ ಗೊತ್ತಾದರೆ ಅವನಿಗೆ ಸಾಕು ಅನ್ನಿಸುತ್ತದೆ.

ದಬ್ಬಳದಲ್ಲಿ ಹೊಲಿದ ಪುಸ್ತಕ

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಟ್ರಂಕ್ ತೆಗೆದೆವು. ಅಮ್ಮ ವಾರಪತ್ರಿಕೆಗಳಿಂದ ಧಾರಾವಾಹಿಯ ಪುಟಗಳನ್ನು ಮಾತ್ರ ಬಿಡಿಸಿ, ಜೋಡಿಸಿ, ದಬ್ಬಳದಲ್ಲಿ ಹೊಲಿದಿಟ್ಟ ಕಟ್ಟುಗಳು ಅದರಲ್ಲಿದ್ದವು. ಆಗ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು. ಆದರೆ ಅಮ್ಮ ಹೊಲಿದದ್ದು ಉಲ್ಲನ್ ದಾರದಲ್ಲಿ. ಆ ವರ್ಷ ಹೆಣೆದ ಸ್ವೆಟರಿನ ಮಿಕ್ಕ ದಾರದಲ್ಲಿ. ನೀಲಿ ಅಪ್ಪನದ್ದು. ಇಟ್ಟಿಗೆ ಬಣ್ಣ ಅಜ್ಜಿಯ ಶಾಲಿನದ್ದು. ಬಾಟಲ್ ಗ್ರೀನ್ ನನ್ನದು. ಪುಟಗಳು ಹಳದಿಯಾಗಿ ಅಂಚು ಪುಡಿಯಾಗುತ್ತಿವೆ, ದಾರದ ಬಣ್ಣ ಮಾತ್ರ ಹಾಗೇ ಇದೆ.

ಬಾಟಲ್ ಗ್ರೀನ್ ಕಟ್ಟನ್ನು ಹಾಸನಕ್ಕೆ ತಂದೆ. ದಿನವೂ ರಾತ್ರಿ ಊಟಕ್ಕೆ ಮುಂಚೆ ಒಂದು ಕಂತು, ಮಗಳು ಪಕ್ಕದಲ್ಲಿ ಕೂತು ಕೇಳುತ್ತಾಳೆ. ಎಂಟು ಕಂತು ಓದಿದೆವು. ಪುಟ ತಿರುಗಿಸಿದರೆ ಇಪ್ಪತ್ತೊಂದನೇ ಕಂತು. ನಡುವಿನ ಹನ್ನೆರಡು ಇಲ್ಲ. ತಪ್ಪಿ ಹೋದದ್ದಲ್ಲ, ಹೊಲಿಗೆ ಗಟ್ಟಿಯಾಗಿಯೇ ಇತ್ತು. ಅಮ್ಮನಿಗೆ ಫೋನ್ ಮಾಡಿದೆ.

"ಅದು ನಿನ್ನ ತಮ್ಮ ಹುಟ್ಟಿದ ವರ್ಷ ಕಣೆ" ಅಂದಳು. ಅವಳು ಬಾಣಂತನಕ್ಕೆ ಶಿವಮೊಗ್ಗಕ್ಕೆ ಹೋಗಿದ್ದಳು. ಬಾಣಂತಿ ಓದಬಾರದು, ಕಣ್ಣು ಹಾಳಾಗುತ್ತದೆ. ಸೂಜಿ, ಕಡ್ಡಿಯನ್ನೂ ಮುಟ್ಟುವ ಹಾಗಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮುಚ್ಚಿದ ಕಿಟಕಿ. ಊರಲ್ಲಿ ಅಪ್ಪ ವಾರ ವಾರ ಪತ್ರಿಕೆ ತಂದಿದ್ದರು. ಅವು ಹಳೇ ಪೇಪರ್ ಜೊತೆ ತೂಕಕ್ಕೆ ಹೋಗಿದ್ದವು.

"ಮತ್ತೆ ಕಥೆ ನಿಂಗೆ ಹೇಗೆ ಗೊತ್ತಾಯ್ತು?" ಅಂದೆ. ನನಗೆ ಚೆನ್ನಾಗಿ ನೆನಪಿದೆ, ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮ ಈ ಕಥೆಯನ್ನು ಪೂರ್ತಿ ಹೇಳಿದ್ದಳು. ಎಲ್ಲೂ ತುಂಡಾಗಿರಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಷ್ಟು ಭಾಗ ನಾನೇ ಮಾಡ್ಕೊಂಡಿದ್ದೆ" ಅಂದಳು. "ಆ ಕತ್ತಲೆ ಕೋಣೇಲಿ ಮಲಗಿ ಇನ್ನೇನು ಮಾಡೋದು ಹೇಳು. ದಿನಾ ಒಂದಿಷ್ಟು ಮುಂದಕ್ಕೆ ಹೋಗ್ತಿದ್ದೆ. ಊರಿಗೆ ಬಂದ ಮೇಲೆ ಇಪ್ಪತ್ತೊಂದನೇ ಕಂತು ಸಿಕ್ತು. ಅದಕ್ಕೆ ಸೇರೋ ಹಾಗೆ ಆಮೇಲೆ ಹೆಣೀತಾ ಹೆಣೀತಾ ಸರಿ ಮಾಡ್ಕೊಂಡೆ."

ನಮ್ಮ ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ ಅವರು ಕಾದಂಬರಿ ಬರೆಯಲು ಕೂತದ್ದು 45 ವರ್ಷ ವಯಸ್ಸಿನ ಆಸುಪಾಸಿನಲ್ಲಿ ಅಂತ ಅಮ್ಮ ಆಗಾಗ ಹೇಳುತ್ತಿದ್ದಳು. ಯಾಕೆ ಅಷ್ಟು ಸಲ ಹೇಳುತ್ತಿದ್ದಳು ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಫೋನ್ ಹಿಡಿದುಕೊಂಡು ಮಾತು ಬರದೆ ಕೂತಿದ್ದೆ. ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಸ್ಪೀಕರ್ ಹಾಕಿದಳು.

"ತೀರ್ಥಹಳ್ಳಿ ಅಜ್ಜಿ, ಒಂಬತ್ತನೇ ಕಂತಿಂದ ಹೇಳು."

"ಈಗಲಾ?"

"ಈಗಲೇ. ನಾವು ಏನೂ ಓದ್ತಿಲ್ಲ, ನೀನು ಹೇಳದೆ ಮುಂದೆ ಓದೋಕೆ ಆಗಲ್ಲ."

"ಇರು ಹಾಗಾದ್ರೆ" ಅಂದಳು ಅಮ್ಮ. "ಕಡ್ಡಿ ತಗೊಂಡು ಬರ್ತೀನಿ."